ಅಜ್ಜ ಮೊಮ್ಮಗ ಒಂದೇ ಸಾಲಾದ ಬಗೆ

ಹದಿನಾಲ್ಕು ಸಾಲಿನ ಒಂದು ಫಂಕ್ಷನ್ ಬರೆದು ನಾನೊಬ್ಬ ಮನುಷ್ಯನನ್ನು ಅಳಿಸಿಹಾಕಿದ್ದೇನೆ. ಆತ ಅದಕ್ಕೂ ಮೊದಲೇ ತೀರಿಕೊಂಡಿದ್ದ ಎಂಬುದರಿಂದ ನನಗೇನೂ ಸಮಾಧಾನವಿಲ್ಲ. ಸತ್ತವನದೆಂದು ಉಳಿದಿದ್ದದ್ದೇ ಆ ಒಂದು ದಾಖಲೆ.

ರೈಲ್ವೆಯ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸ. ಕಾಶಿಗೆ ವರ್ಗವಾಗಿ ಬಂದ ಮೇಲೆ ಕನ್ನಡ ಕಿವಿಗೆ ಬೀಳಲಿ ಎಂದು ಭಾನುವಾರಗಳಲ್ಲಿ ಹನುಮಾನ್ ಘಾಟಿನ ಓಣಿಯಲ್ಲಿದ್ದ ಒಂದು ಕನ್ನಡ ಪುರೋಹಿತರ ಮನೆಗೆ ಹೋಗುವುದು ರೂಢಿಯಾಗಿತ್ತು. ಕೆಳಗೆ ಅವರ ಸಂಸಾರ, ಮೇಲೆ ಯಾತ್ರಿಕರಿಗೆ ಏಳೆಂಟು ಕೋಣೆಗಳು. ಊರಿನಿಂದ ಬಂದವರು ಅಲ್ಲಿ ಉಳಿದು, ತಮ್ಮ ಹಿರಿಯರ ಕಾರ್ಯ ಮಾಡಿಸಿ ಹೋಗುತ್ತಿದ್ದರು. ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದು ಅಲ್ಲಿಯೇ ತೀರಿಕೊಂಡವರೂ ಇದ್ದರು. ಶಾಸ್ತ್ರಿಗಳ ತಂದೆಯ ಕಾಲದಿಂದ ಇವರೆಲ್ಲರ ಹೆಸರನ್ನು ಬರೆದಿಟ್ಟ ಪುಸ್ತಕಗಳು ಮೂರು ಟ್ರಂಕು ತುಂಬ ಇದ್ದವು. ಗೆದ್ದಲು ಅರ್ಧ ಕೆಲಸ ಮುಗಿಸಿತ್ತು. ಉಳಿದರ್ಧವನ್ನು ಪ್ರತಿ ವರ್ಷ ಶ್ರಾವಣದಲ್ಲಿ ಮೆಟ್ಟಿಲೇರಿ ಬರುವ ಗಂಗೆ ಮುಗಿಸುತ್ತಿದ್ದಳು.

"ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡ್ತೀನಿ" ಎಂದು ಬಾಯಿ ಬಿಟ್ಟವಳು ನಾನೇ. ಯಾರೂ ಕೇಳಿರಲಿಲ್ಲ. ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳ ತಪ್ಪು ಹುಡುಕಿ ಹುಡುಕಿ ಸಾಕಾಗಿತ್ತು. ನನ್ನದೇ ಆದ ಒಂದು ಪ್ರೋಗ್ರಾಮು ಬೇಕು ಎಂಬ ಚಪಲ. ಪುಟಗಳ ಫೋಟೋ ತೆಗೆದುಬಿಡೋಣ ಎಂದಾಗ ಶಾಸ್ತ್ರಿಗಳು ಕೈಯಾಡಿಸಿದರು.

"ಫೋಟೋ ವೋಟೋ ಬೇಡಮ್ಮ. ಈ ಗಲ್ಲಿಯಲ್ಲಿ ಎಷ್ಟು ಪಂಡಾ ಪುರೋಹಿತರಿದ್ದಾರೆ ಗೊತ್ತಾ? ಒಂದು ಪನ್ನಾ ಹೊರಗೆ ಹೋದ್ರೆ ನಾಳೆ ನಮ್ಮ ಜಜಮಾನರು ಅವರ ಜಜಮಾನರಾಗಿರ್ತಾರೆ. ಬರಕೊಳ್ಳೋದಾದ್ರೆ ಇಲ್ಲೇ ಕೂತು ಬರಕೊಳ್ಳಿ."

ಅವರ ಮಾತಿನಲ್ಲಿ ಅರ್ಥವಿತ್ತು. ಯಾವ ಮನೆತನ ಯಾವ ಪುರೋಹಿತರದು ಎಂಬುದಕ್ಕೆ ಪುಸ್ತಕದಲ್ಲಿರುವ ಹೆಸರೇ ಸಾಕ್ಷಿ. ಅದೇ ಅವರ ಅನ್ನ. ಹಾಗಾಗಿ ಶಾಸ್ತ್ರಿಗಳ ಸೊಸೆ ಪುಸ್ತಕ ನೋಡಿ ಟೈಪ್ ಮಾಡುವುದು, ನಾನು ಭಾನುವಾರ ಬಂದು ಪ್ರೋಗ್ರಾಮು ಬರೆಯುವುದು ಎಂದಾಯಿತು. ಆ ಹುಡುಗಿ ಸಾರನಾಥದ ಹತ್ತಿರ ಹುಟ್ಟಿ ಬೆಳೆದವಳು. ಮನೆಯ ಕನ್ನಡ, ಬೀದಿಯ ಹಿಂದಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ಮಾವನ ಮನೆಯ ಮೋಡಿ ಅಕ್ಷರವನ್ನು ನನಗಿಂತ ಚೆನ್ನಾಗಿ ಓದುತ್ತಿದ್ದಳು.

ಒಂದೊಂದು ದಾಖಲೆಗೆ ಒಂಬತ್ತು ಕಾಲಂ. ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಗೋತ್ರ, ಊರು, ಸಂವತ್ಸರ, ತಿಥಿ, ಕಾರ್ಯ ಮಾಡಿದ ಕರ್ತೃ, ಕೊನೆಗೆ ಷರಾ. "ದೀದಿ, ಕಿತಾಬಿನ ನಂಬರು, ಪನ್ನಾ ನಂಬರು ಬರೀಬೇಕಾ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು. ಬೇಡ ಎಂದೆ. ಅದು ಮನುಷ್ಯನ ಬಗ್ಗೆ ಏನೂ ಹೇಳುವುದಿಲ್ಲ, ಎಲ್ಲಿ ಬರೆದಿದೆ ಎಂದಷ್ಟೇ ಹೇಳುತ್ತದೆ ಎಂದು ದೊಡ್ಡದಾಗಿ ವಿವರಿಸಿದೆ. ಅವಳು ತಲೆಯಾಡಿಸಿ ಟೈಪ್ ಮಾಡತೊಡಗಿದಳು.

ಆರು ತಿಂಗಳು ಹಿಡಿಯಿತು. ಆಗ ನಿಜವಾದ ತೊಡಕು ಕಾಣಿಸಿತು. ಮನೆಯಲ್ಲಿ ಎರಡು ಬಗೆಯ ಪುಸ್ತಕಗಳಿದ್ದವು. ಕೋಣೆ ಕೊಟ್ಟಾಗ ಬರೆಯುವುದೊಂದು, ಕಾರ್ಯ ನಡೆದಾಗ ಬರೆಯುವುದೊಂದು. ಇಲ್ಲಿ ಉಳಿದು ಇಲ್ಲೇ ತೀರಿಕೊಂಡವನ ಹೆಸರು ಎರಡರಲ್ಲೂ ಇರುತ್ತದೆ. ಒಂದರಲ್ಲಿ ತಿಥಿ ಇಲ್ಲ, ಇನ್ನೊಂದರಲ್ಲಿ ಇದೆ. ಹುಡುಕಿದಾಗಲೆಲ್ಲ ಒಬ್ಬನೇ ಮನುಷ್ಯ ಎರಡು ಸಲ ಬಂದು ನಿಲ್ಲುತ್ತಿದ್ದ. "ದುಬಾರಾ ಬಂದ ದೀದಿ" ಎಂದು ಸೊಸೆ ನಗುತ್ತಿದ್ದಳು. ಈ ಜೋಡಿಗಳನ್ನು ಸೇರಿಸಿ ಒಂದು ಮಾಡಬೇಕಿತ್ತು.

ಸೇರಿಸುವುದಕ್ಕೆ ಮೊದಲು ಎರಡು ದಾಖಲೆ ಒಂದೇ ಎಂದು ಯಾವಾಗ ಹೇಳಬೇಕು ಎಂಬುದು ತೀರ್ಮಾನವಾಗಬೇಕು. ಸಂಖ್ಯೆಗಳಲ್ಲಿ ಈ ಕಷ್ಟವಿಲ್ಲ, ಐದು ಎಂದರೆ ಐದೇ. ಹಲವು ಕಾಲಂ ಸೇರಿ ಆದ ಒಂದು ವಸ್ತುವಿನಲ್ಲಿ ಹಾಗಿಲ್ಲ. ನಾನು ಬಳಸುತ್ತಿದ್ದ ಜಾವಾ ಭಾಷೆಯಲ್ಲಿ ಎರಡು ವಸ್ತುಗಳ ನಡುವೆ ಸಮ ಚಿಹ್ನೆ ಹಾಕಿದರೆ, ಒಳಗೆ ಏನಿದೆ ಎಂದು ಅದು ನೋಡುವುದೇ ಇಲ್ಲ. ಎರಡೂ ಹೆಸರುಗಳು ತೋರಿಸುತ್ತಿರುವುದು ಅದೇ ಒಂದು ಡಬ್ಬಿಯನ್ನೇ ಎಂದು ಮಾತ್ರ ನೋಡುತ್ತದೆ. ಪಕ್ಕಪಕ್ಕದಲ್ಲಿಟ್ಟ ಎರಡು ಸ್ಟೀಲ್ ಡಬ್ಬಿಗಳಲ್ಲೂ ಅದೇ ಅವಲಕ್ಕಿ ಇದ್ದರೂ ಅದರ ಲೆಕ್ಕದಲ್ಲಿ ಅವು ಬೇರೆ ಬೇರೆ. ಒಳಗಿನದನ್ನು ಹೋಲಿಸಬೇಕಾದರೆ ಯಾವ ಯಾವ ಕಾಲಂ ನೋಡಬೇಕೆಂದು ನಾವೇ ಬರೆದುಕೊಡಬೇಕು. ಅದಕ್ಕೆಂದೇ ಈಕ್ವಲ್ಸ್ ಎಂಬ ಫಂಕ್ಷನ್ ಇದೆ. ನಾನು ಬರೆದದ್ದು ಅದನ್ನೇ.

ಎಲ್ಲ ಒಂಬತ್ತೂ ಕಾಲಂ ಹೋಲಿಸುವ ಹಾಗಿರಲಿಲ್ಲ. ತಿಥಿ, ಕರ್ತೃ, ಷರಾ ಒಂದು ಪುಸ್ತಕದಲ್ಲಿ ಇದ್ದು ಇನ್ನೊಂದರಲ್ಲಿ ಖಾಲಿ ಇರುತ್ತಿದ್ದವು, ಇಲ್ಲವೇ ಬೇರೆಯಾಗಿರುತ್ತಿದ್ದವು. ಖಾಲಿ ಕಾಲಂ ಯಾವುದಕ್ಕೆ ಬೇಕಾದರೂ ಸಮ ಎನ್ನೋಣವೆಂದರೆ ಅದರಲ್ಲೊಂದು ಅಪಾಯವಿದೆ. ಮೊದಲನೆಯದು ಎರಡನೆಯದಕ್ಕೆ ಸಮ, ಎರಡನೆಯದು ಮೂರನೆಯದಕ್ಕೆ ಸಮ, ಆದರೆ ಮೊದಲನೆಯದು ಮೂರನೆಯದಕ್ಕೆ ಸಮವಲ್ಲ ಎಂಬ ಅಧ್ವಾನವಾಗುತ್ತದೆ. ಹಾಗಾಗಿ ಆ ಮೂರನ್ನು ಕೈಬಿಟ್ಟು, ಎರಡೂ ಪುಸ್ತಕಗಳಲ್ಲಿ ತಪ್ಪದೆ ಬರೆಯುತ್ತಿದ್ದ ಮೊದಲ ಆರನ್ನು ಮಾತ್ರ ಇಟ್ಟುಕೊಂಡೆ. ಮೂರು ತಲೆಮಾರಿನ ಹೆಸರು, ಗೋತ್ರ, ಊರು, ಸಂವತ್ಸರ ಆರೂ ಒಂದೇ ಆದರೆ ಮನುಷ್ಯ ಒಬ್ಬನೇ. ಇದಕ್ಕಿಂತ ಬಿಗಿ ಇನ್ನೇನು ಬೇಕು ಎನಿಸಿತು.

ಮೊದಲ ಸಲ ಓಡಿಸಿದಾಗ ಒಂದು ಜೋಡಿಯೂ ಸಿಗಲಿಲ್ಲ. ಎರಡು ವಸ್ತುಗಳು ಸಮವೆಂದಾದರೆ ಅವುಗಳ ಹ್ಯಾಷ್ ಎಂಬ ಗುರುತಿನ ಸಂಖ್ಯೆಯೂ ಒಂದೇ ಬರುವಂತೆ ಬರೆಯಬೇಕು. ದಾಖಲೆಗಳನ್ನು ಆ ಸಂಖ್ಯೆಯ ಪ್ರಕಾರ ಗೂಡುಗಳಲ್ಲಿ ಇಡಲಾಗುತ್ತದೆ, ಒಂದೇ ಗೂಡಿನಲ್ಲಿದ್ದರೆ ಮಾತ್ರ ಹೋಲಿಕೆ ನಡೆಯುತ್ತದೆ. ಕಾಲೇಜು ಹುಡುಗರಿಗೂ ಗೊತ್ತಿರುವ ಸಂಗತಿ. ಮರೆತಿದ್ದೆ. ಬರೆದೆ. ಎರಡನೇ ಸಲ ಜೋಡಿಗಳು ದಂಡಿಯಾಗಿ ಸಿಕ್ಕವು. ಮೊದಲು ಟೈಪ್ ಆದ ದಾಖಲೆ ಉಳಿಯಬೇಕು, ಅದರಲ್ಲಿ ಖಾಲಿ ಇದ್ದ ಕಾಲಂ ಅನ್ನು ಮಾತ್ರ ಎರಡನೆಯದರಿಂದ ತುಂಬಬೇಕು, ಎರಡನೆಯದು ಹೋಗಬೇಕು. ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಪ್ಪತ್ತು ಜೋಡಿಗಳನ್ನು ಪುಸ್ತಕ ತೆಗೆದು ತಾಳೆ ನೋಡಿದೆ. ಇಪ್ಪತ್ತೂ ಸರಿಯಿದ್ದವು. ಸೇರಿಸಿದೆ. ಶಾಸ್ತ್ರಿಗಳು ಆ ದಿನ ನನಗೆ ಒತ್ತಾಯ ಮಾಡಿ ಊಟ ಹಾಕಿಸಿದರು.

ಇನ್ನು ಇಲ್ಲಿಂದ ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಸೇರಿಸಿದ ಎರಡು ವಾರಕ್ಕೆ ವಂಶವೃಕ್ಷ ತೋರಿಸುವ ಹುಚ್ಚು ಹತ್ತಿತು. ಪ್ರತಿ ದಾಖಲೆಯನ್ನೂ ತಂದೆಯ ದಾಖಲೆಗೆ ಜೋಡಿಸಿದೆ. ಕಾರ್ಯ ಮಾಡಿದ ಮಕ್ಕಳ ಹೆಸರೂ ಪುಸ್ತಕದಲ್ಲಿ ಇದ್ದುದರಿಂದ ಇದು ಸಾಧ್ಯವಿತ್ತು. ಈಗ ಇಬ್ಬರನ್ನು ಹೋಲಿಸುವಾಗ ತಂದೆಯ ಹೆಸರಿನ ಅಕ್ಷರಗಳನ್ನಷ್ಟೇ ನೋಡದೆ ತಂದೆಯ ದಾಖಲೆಯನ್ನೇ ಹೋಲಿಸುವುದು, ಅದಕ್ಕಾಗಿ ಅವನ ತಂದೆಯದನ್ನು ಹೋಲಿಸುವುದು, ಹೀಗೆ ಮೇಲೆ ಮೇಲೆ ಹೋಗುವುದು ಎಂದು ಫಂಕ್ಷನ್ ತಿದ್ದಿದೆ. ಓಡಿಸಿದರೆ ಪ್ರೋಗ್ರಾಮು ಕುಸಿದುಬಿತ್ತು. ಸ್ಟ್ಯಾಕ್ ಓವರ್‌ಫ್ಲೋ. ಅಂದರೆ ಹೋಲಿಕೆ ತಂದೆ, ತಂದೆಯ ತಂದೆ ಎಂದು ಹತ್ತುತ್ತ ಎಲ್ಲೂ ನಿಲ್ಲದೆ ಸುತ್ತುತ್ತಿದೆ.

ವಂಶವೃಕ್ಷದಲ್ಲಿ ಸುತ್ತು ಇರಲು ಸಾಧ್ಯವೇ? ಯಾವ ಮನುಷ್ಯನೂ ತನಗೆ ತಾನೇ ಅಜ್ಜನಾಗಲಾರ. ಈ ಪ್ರಶ್ನೆಯನ್ನು ಕೇಳಿಕೊಂಡು ಎರಡು ನಿಮಿಷ ಕೂತಿದ್ದರೆ ಸಾಕಿತ್ತು. ನಾನು ಕೂರಲಿಲ್ಲ. ಇಂಥ ಸುತ್ತನ್ನು ತಪ್ಪಿಸುವ ಉಪಾಯ ನನಗೆ ಬಾಯಿಪಾಠವಾಗಿತ್ತು. ಒಮ್ಮೆ ನೋಡಿದ ದಾಖಲೆ ಮತ್ತೆ ಎದುರಾದರೆ ಅಲ್ಲಿಗೆ ನಿಲ್ಲಿಸು ಎಂದು ನಾಲ್ಕು ಸಾಲು ಸೇರಿಸಿದೆ. ಕುಸಿಯುವುದು ನಿಂತಿತು. ಬೆನ್ನು ತಟ್ಟಿಕೊಂಡು ಆಟೋ ಹತ್ತಿದೆ. ಆಗ ಮೂರು ಟ್ರಂಕುಗಳೂ ನಾನು ಕೂತ ಕುರ್ಚಿಯಿಂದ ಐದು ಹೆಜ್ಜೆಯಲ್ಲಿದ್ದವು.

ಆಷಾಢದಲ್ಲಿ ನೀರು ಏರತೊಡಗಿತು. ಸತ್ತವರ ಹೆಸರಿರುವ ಪುಸ್ತಕವನ್ನು ರದ್ದಿಗೆ ಹಾಕುವಂತಿಲ್ಲ, ಸುಡುವಂತಿಲ್ಲ. ಹಾಳಾದವನ್ನು ಗಂಗೆಗೆ ಬಿಡುವುದು ಅವರ ಮನೆಯ ಪದ್ಧತಿ. "ಎಲ್ಲಾ ಅದರೊಳಗೆ ಬಂತಲ್ವೇನಮ್ಮ?" ಎಂದು ಶಾಸ್ತ್ರಿಗಳು ಒಂದಲ್ಲ, ಎರಡು ಸಲ ಕೇಳಿದರು. "ಬಂತು" ಎಂದು ನಾನೂ ಎರಡು ಸಲ ಹೇಳಿದೆ. ಮೂರು ಟ್ರಂಕಿನ ಪುಸ್ತಕಗಳನ್ನೂ ಹೊತ್ತು, ಎದುರು ದಡದ ರಾಮನಗರದ ಕಡೆಗೆ ಮುಖ ಮಾಡಿ ನಾವೆ ನಡುಹೊಳೆಗೆ ಹೋಯಿತು. ಸೊಸೆ, ನಾನು ಇಬ್ಬರೂ ಜೊತೆಗಿದ್ದೆವು. ಪುಸ್ತಕಗಳು ಅಷ್ಟು ಬೇಗ ಮುಳುಗುತ್ತವೆಂದು ಗೊತ್ತಿರಲಿಲ್ಲ.

ಭಾದ್ರಪದ ಹುಣ್ಣಿಮೆಯ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಸೊಸೆ ಫೋನ್ ಮಾಡಿದಳು. "ದೀದಿ, ಏನೋ ಗಡಬಡ್ ಆಗಿದೆ. ಬೇಗ ಬನ್ನಿ."

ಪಡಸಾಲೆಯ ಚಾಪೆಯ ಮೇಲೆ ಬಾಗಲಕೋಟೆಯ ಕಡೆಯ ಒಬ್ಬ ಹೆಂಗಸು ಕೂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವರು. ಅವರ ಅಣ್ಣ ತಂದೆಯ ಜೊತೆ ಜಗಳವಾಡಿ ಹರೆಯದಲ್ಲೇ ಮನೆ ಬಿಟ್ಟವರು, ಮದುವೆಯಾಗಿರಲಿಲ್ಲ, ಊರೂರು ಅಲೆದು ಕೊನೆಗೆ ಕಾಶಿಗೆ ಬಂದು, ಕೊರೊನಾದ ಎರಡನೇ ಅಲೆಯಲ್ಲಿ ಇದೇ ಮನೆಯ ಮೇಲಿನ ಕೋಣೆಯಲ್ಲಿ ತೀರಿಕೊಂಡಿದ್ದರು. ಆಗ ನಮ್ಮ ಶಾಸ್ತ್ರಿಗಳು ಜ್ವರದಿಂದ ಆಸ್ಪತ್ರೆಯಲ್ಲಿದ್ದರು, ಸೊಸೆ ತವರಿನಲ್ಲಿ ಸಿಕ್ಕಿಬಿದ್ದಿದ್ದಳು. ಶಾಸ್ತ್ರಿಗಳ ಅಣ್ಣ ಒಬ್ಬರೇ ಇದ್ದು, ಆ ವಾರಗಳಲ್ಲಿ ಸತ್ತವರೆಲ್ಲರ ಕಾರ್ಯ ಮಾಡಿ, ಪುಸ್ತಕದಲ್ಲಿ ಬರೆದು, ತಾವೂ ಹೋಗಿಬಿಟ್ಟಿದ್ದರು. ಅವರು ಬರೆಯುತ್ತಿದ್ದ ಪುಸ್ತಕವನ್ನು ಮನೆಯವರು ಮುಚ್ಚಿ ಟ್ರಂಕಿಗೆ ಹಾಕಿದ್ದರು. ಈ ಟೀಚರಿಗೆ ಅಣ್ಣ ಸತ್ತ ಸುದ್ದಿ ಮುಟ್ಟಿದ್ದು ಬಹಳ ತಡವಾಗಿ, ಅಲ್ಲೇ ಉಳಿದಿದ್ದ ಒಬ್ಬ ಯಾತ್ರಿಕ ಬರೆದ ಕಾಗದದಿಂದ. ಯಾವ ದಿನವೆಂದು ಆತನಿಗೂ ನೆನಪಿರಲಿಲ್ಲ. ಮರುದಿನದಿಂದ ಪಿತೃಪಕ್ಷ. ಅಣ್ಣ ಸತ್ತ ತಿಥಿಯಂದೇ ಅವನಿಗೆ ಪಿಂಡ ಇಡಿಸಬೇಕೆಂದು ಹದಿನೈದು ದಿನ ಕೈಯಲ್ಲಿಟ್ಟುಕೊಂಡು ಬಂದಿದ್ದರು.

ಸೊಸೆ ಹುಡುಕಿದಾಗ ಒಂದು ದಾಖಲೆ ಸಿಕ್ಕಿತ್ತು. ಹಣಮಂತರಾವ್, ತಂದೆ ಗೋಪಾಲರಾವ್, ಅಜ್ಜ ಹಣಮಂತರಾವ್, ಪ್ಲವ ಸಂವತ್ಸರ, ವೈಶಾಖ ಬಹುಳ ನವಮಿ. ಕರ್ತೃ, ಮಗ ಗೋಪಾಲರಾವ್. ಷರಾ, ಮೂವರು ಮಕ್ಕಳೂ ಬಂದಿದ್ದರು.

"ಗೋಪಾಲರಾವ್ ನಮ್ಮಪ್ಪಾರ ಹೆಸರ್ರಿ" ಎಂದರು ಟೀಚರು. "ನಮ್ಮಣ್ಣಗ ಮಗ ಎಲ್ಲಿಂದ ಬಂದ? ಈ ನವಮಿ ನಮ್ಮ ಅಜ್ಜಾರದು. ನಮ್ಮಪ್ಪ ಇರೂತನಕಾ ವರ್ಷಾ ವರ್ಷಾ ಮನ್ಯಾಗ ಮಾಡ್ತಿದ್ರು. ಅಜ್ಜಾರೂ ಇಲ್ಲೇ ಕಾಶ್ಯಾಗ ತೀರಿಕೊಂಡವರು. ಇದು ಅವರದ ಬರದದ್ದು. ಅಣ್ಣಂದ ಎಲ್ಲೈತ್ರಿ?"

ಪರದೆಯ ಮೇಲಿನ ಮೂರು ಹೆಸರುಗಳನ್ನು ನೋಡುತ್ತ ನಿಂತೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ನನ್ನ ತಮ್ಮನ ಹೆಸರೂ ನನ್ನ ಅಜ್ಜನದೇ. ಹಿರಿಮಗನಿಗೆ ಅಜ್ಜನ ಹೆಸರು ತಪ್ಪದೆ ಇಡುತ್ತ ಬಂದ ಮನೆಯಲ್ಲಿ ಎರಡೇ ಹೆಸರುಗಳು ಸರದಿಯ ಮೇಲೆ ಬರುತ್ತವೆ. ಅಜ್ಜನ ಮೂರು ತಲೆಮಾರೂ ಮೊಮ್ಮಗನ ಮೂರು ತಲೆಮಾರೂ ಅಕ್ಷರ ಬಿಡದೆ ಒಂದೇ. ಗೋತ್ರ, ಊರು ಹೇಗೂ ಒಂದೇ. ಉಳಿದದ್ದು ಸಂವತ್ಸರ. ಆ ಪುಸ್ತಕಗಳಲ್ಲಿ ಇಸವಿ ಬರೆಯುವ ಪದ್ಧತಿಯೇ ಇರಲಿಲ್ಲ, ಸಂವತ್ಸರದ ಹೆಸರು ಮಾತ್ರ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದೆ. ಅಜ್ಜ ತೀರಿಕೊಂಡದ್ದು ಹಿಂದಿನ ಪ್ಲವದಲ್ಲಿ, ಮೊಮ್ಮಗ ಕೊರೊನಾ ವರ್ಷದ ಪ್ಲವದಲ್ಲಿ. ಆರಕ್ಕೆ ಆರೂ ಸಮ. ಇಬ್ಬರ ಎರಡೆರಡು ದಾಖಲೆ, ಒಟ್ಟು ನಾಲ್ಕನ್ನು ನನ್ನ ಫಂಕ್ಷನ್ ಒಬ್ಬನೇ ಮನುಷ್ಯ ಎಂದು ತಿಳಿದು ನುಂಗಿತ್ತು. ಗೋಪಾಲರಾಯರ ತಂದೆಯೂ ಮಗನೂ ಒಬ್ಬನೇ ಆದ ಮೇಲೆ ವಂಶವೃಕ್ಷ ಸುತ್ತದೆ ಇನ್ನೇನು ಮಾಡೀತು?

"ಎರಡು ದಿನ ಕೊಡಿ, ಹುಡುಕ್ತೀನಿ" ಎಂದೆ. ಟೀಚರು ಕೈಮುಗಿದರು.

ಶಾಸ್ತ್ರಿಗಳು ಅವರನ್ನು ಸಮಾಧಾನ ಮಾಡಲು, ತಿಥಿ ತಿಳಿಯದವರಿಗೆಲ್ಲ ಕೊನೆಯ ದಿನದ ಅಮಾವಾಸ್ಯೆ ಇದ್ದೇ ಇದೆ, ಯಾರಿಗೂ ಲೋಪವಾಗುವುದಿಲ್ಲ ಎಂದರು. ಟೀಚರು ತಲೆ ಅಲ್ಲಾಡಿಸಿದರು. "ಅಮಾಸಿ ಎಲ್ಲಾರದೂ ರೀ ಶಾಸ್ತ್ರಿಗಳೆ. ಬದುಕಿದ್ದಾಗ ಅವಂಗಂತ ಯಾರೂ ಒಂದ ದಿನ ತೆಗೆದಿಡಲಿಲ್ಲ. ಈಗರ ಅವಂದ ಅಂತ ಒಂದ ದಿನ ಬೇಕು."

ಪಾಡ್ಯ, ಬಿದಿಗೆ ಎರಡೂ ದಿನ ರಜೆ ಹಾಕಿದೆ. ಮೊದಲು ಬ್ಯಾಕಪ್ ನೋಡಿದೆ. ದಿನಾಲೂ ಒಂದು ನಕಲು ತೆಗೆಯುವ, ಮೂವತ್ತು ದಿನಕ್ಕಿಂತ ಹಳೆಯದನ್ನು ಅಳಿಸುವ ಏರ್ಪಾಡು ಮಾಡಿದವಳು ನಾನೇ. ಸೇರಿಸಿದ್ದು ಜ್ಯೇಷ್ಠದಲ್ಲಿ. ಎಲ್ಲ ನಕಲುಗಳಲ್ಲೂ ಇದ್ದದ್ದು ಆ ಒಂದೇ ದಾಖಲೆ. ಅಳಿಸಿದ ಫೈಲುಗಳನ್ನು ಡಿಸ್ಕಿನ ತಳದಿಂದ ಎತ್ತುವ ಸಾಫ್ಟ್‌ವೇರ್ ಹಾಕಿ ಕೂತೆ. ನಡುವೆ ಎರಡು ಸಲ ಕರೆಂಟು ಹೋಗಿ ಮೊದಲಿಂದ ಶುರುಮಾಡಬೇಕಾಯಿತು. ಸಿಕ್ಕದ್ದು ಚೂರುಗಳು. ಎಲ್ಲಿಯದೋ ಗೋತ್ರಗಳು, ಯಾರದೋ ಅರ್ಧ ಹೆಸರು. ಸೊಸೆ ಕಣ್ಣು ಮುಚ್ಚಿಕೊಂಡು ಶಾಸ್ತ್ರಿಗಳ ಅಣ್ಣ ಬರೆದ ಪುಟವನ್ನು ನೆನಪು ಮಾಡಿಕೊಳ್ಳಲು ನೋಡಿದಳು. "ಬಡೇ ಮಾವನವರ ಅಕ್ಷರ ಯಾದ್ ಇದೆ ದೀದಿ. ತಿಥಿ ಯಾದ್ ಬರ್ತಿಲ್ಲ" ಎಂದು ಅತ್ತಳು. ಸಾವಿರಾರು ಸಾಲು ಟೈಪ್ ಮಾಡಿದವಳಿಗೆ ಒಂದು ಸಾಲು ಹೇಗೆ ನೆನಪಿರಬೇಕು?

ತದಿಗೆಯ ಬೆಳಿಗ್ಗೆ ಸೇರಿಸಿದ ದಿನದ ಲಾಗ್ ಫೈಲ್ ಸಿಕ್ಕಿತು. ಯಾವ ಸಂಖ್ಯೆಯ ದಾಖಲೆ ಯಾವುದರೊಳಗೆ ಸೇರಿತು, ಅದರಲ್ಲಿ ಎಷ್ಟು ಕಾಲಂ ತುಂಬಿತ್ತು ಎಂದು ಮಾತ್ರ ಅದರಲ್ಲಿ ಬರೆಯಿಸಿದ್ದೆ. ಕಾಲಮ್ಮಿನೊಳಗೆ ಏನಿತ್ತು ಎಂದು ಬರೆಯಿಸಿರಲಿಲ್ಲ, ಫೈಲು ದೊಡ್ಡದಾಗುತ್ತದೆಂದು. ಹಣಮಂತರಾವ್ ಹೆಸರಿನ ಕೆಳಗೆ ಮೂರು ದಾಖಲೆ ಸೇರಿದ್ದವು. ಕಡೆಗೆ ಟೈಪ್ ಆದದ್ದು ಆ ಎರಡನೇ ಅಲೆಯ ಪುಸ್ತಕದ್ದು, ಅದರ ಮುಂದೆ ಒಂಬತ್ತು ಎಂದಿತ್ತು. ಒಂಬತ್ತೂ ಕಾಲಂ ತುಂಬಿತ್ತು. ಅಂದರೆ ಶಾಸ್ತ್ರಿಗಳ ಅಣ್ಣ ತಿಥಿ ಬರೆದಿದ್ದರು, ಕರ್ತೃ ಬರೆದಿದ್ದರು, ಷರಾ ಕೂಡ ಬರೆದಿದ್ದರು. ಸುತ್ತ ಜನ ಸಾಯುತ್ತಿರುವಾಗ, ಯಾರೋ ಗುರುತಿಲ್ಲದವನ ಬಗ್ಗೆ ಕೂತು ಏನೋ ಒಂದು ಮಾತು ಬರೆದಿದ್ದರು. ಅದೇನೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅಲ್ಲಿಗೆ ಹುಡುಕಾಟ ಮುಗಿಯಿತು.

ಅದೇ ಲಾಗ್ ಹಿಡಿದು ಇಂಥ ಅಜ್ಜ ಮೊಮ್ಮಕ್ಕಳು ಇನ್ನೆಷ್ಟು ಎಂದು ನೋಡಿದೆ. ಎರಡು ಪುಸ್ತಕ ಎಂದ ಮೇಲೆ ಒಬ್ಬ ಮನುಷ್ಯನಿಗೆ ಎರಡಕ್ಕಿಂತ ಹೆಚ್ಚು ದಾಖಲೆ ಸೇರಲೇಬಾರದಿತ್ತು. ಮೂರು, ನಾಲ್ಕು ಸೇರಿದವು ಕೈಬೆರಳಿಗಿಂತ ಹೆಚ್ಚಿದ್ದವು. ಒಂದೊಂದನ್ನೂ ಪಟ್ಟಿ ಮಾಡಿದೆ.

ಶಾಸ್ತ್ರಿಗಳನ್ನು ಒಳಗೆ ಕರೆದು ಎಲ್ಲ ಹೇಳಿದೆ. ಅವರು ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಯಾರಿಗೂ ಹೇಳಬೇಡಿ" ಎಂದರು ಆಮೇಲೆ. "ಇವರ ಹತ್ರ ಬಹಿ ಪುಸ್ತಕ ಇಲ್ಲ, ನೀರಿಗೆ ಬಿಟ್ಟು ಕೂತಿದ್ದಾರೆ ಅಂತ ಗಲ್ಲಿಗೆ ಗೊತ್ತಾದ್ರೆ ನಾಳೆಯಿಂದ ಒಬ್ಬ ಜಜಮಾನ್ ಈ ಕಡೆ ಬರಲ್ಲ. ನಮ್ಮಣ್ಣ ಬರೆದಿಲ್ಲ ಅಂದುಬಿಡೋಣ. ಆ ವಖ್ತ್ ಹಾಗಿತ್ತು, ಯಾರೂ ಬುರಾ ಮಾನ್ಕೊಳ್ಳಲ್ಲ. ಆ ತಾಯಿಗೆ ಅಮಾವಾಸ್ಯೆಗೆ ಚೆನ್ನಾಗಿ ಮಾಡಿಸೋಣ."

ಸತ್ತ ಅಣ್ಣನ ಮೇಲೆ ತಪ್ಪು ಹೊರಿಸುವುದು ಅವರಿಗೂ ಸುಲಭವಾಗಿರಲಿಲ್ಲ, ಹೇಳುವಾಗ ಮುಖ ಗೋಡೆಯ ಕಡೆಗಿತ್ತು. ನನಗೆ ಮಾತ್ರ, ನಿಜ ಹೇಳಿಬಿಡುತ್ತೇನೆ, ಬಿಡುಗಡೆ ಸಿಕ್ಕಂತಾಯಿತು. ಪಡಸಾಲೆಗೆ ಬಂದು ಶಾಸ್ತ್ರಿಗಳು ಹಾಗೆಯೇ ಹೇಳಿದರು. ಟೀಚರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಚೌತಿಯ ದಿನ ಆಫೀಸಿಗೆ ಹೋದೆ. ಪಂಚಮಿಯ ಸಂಜೆ ಪಟ್ಟಿ ಕೊಡುವ ನೆಪದಲ್ಲಿ ಓಣಿಗೆ ಬಂದರೆ, ಟೀಚರು ಘಾಟಿನ ಮೇಲಿನ ಮೆಟ್ಟಿಲ ಹತ್ತಿರ ಒಬ್ಬರೇ ಕೂತಿದ್ದರು. ಕೆಳಗಿನ ಮೆಟ್ಟಿಲುಗಳೆಲ್ಲ ನೀರಿನಲ್ಲಿದ್ದವು. ಚೀಲದಿಂದ ಕರದಂಟಿನ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು.

"ಮನ್ಯಾಗ ಮಕ್ಕಳಿದ್ರ ಕೊಡ್ರಿ. ಯಾರೋ ಏನೋ, ನನ್ನ ಸಲುವಾಗಿ ರಜಾ ಹಾಕಿ ಹುಡುಕಿದ್ರಿ. ಹಿರೇ ಶಾಸ್ತ್ರಿಗಳ ಮ್ಯಾಲೆ ನನಗೇನ ಸಿಟ್ಟಿಲ್ರಿ. ನಮ್ಮಣ್ಣನೂ ಭಾಳ ಜಗಳಗಂಟ ಇದ್ದ. ಅವರ ಜೋಡೀನೂ ಏನರ ಕ್ಯಾತೆ ತೆಗದಿರ್ತಾನ. ಹಂಗಾಗಿ ಅವರೂ ಬ್ಯಾಸತ್ತು, ಇವಂದೇನ ಬರೀಬೇಕು ಅಂತ ಬಿಟ್ಟಿರ್ತಾರ. ಎಲ್ಲಿ ಹೋದರೂ ಅವಂದ ಹಣೇಬಾರಾನ ಅಷ್ಟು."

ಒಬ್ಬರು ತಾವು ಸಾಯುವ ಮುಂಚಿನ ದಿನಗಳಲ್ಲಿ ಒಂಬತ್ತೂ ಕಾಲಂ ತುಂಬಿ ಬರೆದಿಟ್ಟಿದ್ದರು. ಇನ್ನೊಬ್ಬ ಆ ಕೋಣೆಯಲ್ಲಿ ಯಾರ ಜೊತೆಗೂ ಜಗಳವಾಡಿರಲಿಕ್ಕಿಲ್ಲ. ನನ್ನ ಮರ್ಯಾದೆ ಉಳಿಯಲೆಂದು ಇಬ್ಬರೂ ಕೆಟ್ಟವರಾಗಿದ್ದರು. ಇನ್ನು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಶಾಸ್ತ್ರಿಗಳನ್ನೂ ಸೊಸೆಯನ್ನೂ ಕರೆದುಕೊಂಡು ಬಂದೆ. ಅವರ ಎದುರಿಗೇ ಹೇಳಬೇಕೆನಿಸಿತು.

"ಅವರು ಬರೆದಿದ್ದರು. ತಿಥಿಯೂ ಬರೆದಿದ್ದರು. ಅಳಿಸಿದ್ದು ನಾನು" ಎಂದೆ.

ಶಾಸ್ತ್ರಿಗಳು ಕಣ್ಣು ಮುಚ್ಚಿದರು. ನಾನು ಮೊದಲಿಂದ ಹೇಳಿದೆ. ಮೂರು ತಲೆಮಾರು, ಗೋತ್ರ, ಊರು, ಸಂವತ್ಸರ ಒಂದೇ ಇದ್ದರೆ ಇಬ್ಬರನ್ನೂ ಒಬ್ಬನೇ ಎಂದು ತಿಳಿಯುವಂತೆ ಬರೆದದ್ದು, ಎರಡನೆಯವನ ಸಾಲು ತೆಗೆದುಹಾಕಿದ್ದು, ಪುಸ್ತಕ ನೀರಿಗೆ ಬಿಟ್ಟದ್ದು, ಪ್ರೋಗ್ರಾಮು ಕುಸಿದು ಎಚ್ಚರಿಸಿದರೂ ಅದರ ಬಾಯಿ ಮುಚ್ಚಿಸಿದ್ದು. ಟೀಚರು ನನ್ನನ್ನು ಪಾಠ ಒಪ್ಪಿಸುವ ಹುಡುಗಿಯನ್ನು ನೋಡುವಂತೆ ನೋಡುತ್ತಿದ್ದರು.

"ನನ್ನ ಕ್ಲಾಸಿನ್ಯಾಗ ಒಂದ ವರ್ಷ ಮೂರು ಮಂದಿ ಮಂಜುನಾಥ ಇದ್ರು" ಎಂದರು ಕೊನೆಗೆ. "ಮೂವರ ಅಪ್ಪಂದ್ರ ಹೆಸರೂ ಬಸಪ್ಪನ. ನಾ ನಂಬರ್ ಹಚ್ಚಿದ್ದೆ. ನೀವು ಹಚ್ಚಲಿಲ್ಲೇನ್ರಿ?"

"ಹಚ್ಚಲಿಲ್ಲ" ಎಂದೆ. ಸೊಸೆ ತಲೆ ತಗ್ಗಿಸಿದಳು. ಮೊದಲ ದಿನವೇ ಅದನ್ನು ಕೇಳಿದ್ದವಳು ಅವಳು.

"ಅಂದ್ರ ಅವಂದು ಬರದಿದ್ರು. ತಿಥಿ ಬರದಿದ್ರು."

"ಬರೆದಿದ್ರು. ಅದೊಂದು ಖಂಡಿತ."

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಶಾಸ್ತ್ರಿಗಳ ಕಡೆ ತಿರುಗಿದರು. "ಹಂಗಾರ ನನಗ ಅಮಾಸಿ ಬ್ಯಾಡ್ರಿ. ಬರದಿದ್ರು ಅಂದಮ್ಯಾಲೆ ಅವಂದ ಅಂತ ಒಂದ ದಿನ ಅದ. ಯಾವ ತಿಂಗಳಾರ ಇರಲಿ, ಈ ಹದಿನೈದು ತಿಥಿಯೊಳಗ ಒಂದು ಅವಂದ. ದಿನಾ ಇಡಸ್ರಿ. ಎಲ್ಲಾ ದಿನ ಮಾಡಿದ್ರ ಒಂದರ ಅವಂದ ಆಗೇ ಆಗ್ತದಲ್ರಿ?"

"ಆಗುತ್ತೆ ತಾಯಿ" ಎಂದರು ಶಾಸ್ತ್ರಿಗಳು. "ಪಕ್ಷ ಪೂರ್ತಿ ಮಾಡೋ ಪದ್ಧತಿ ಇದೆ."

ಟೀಚರ ಮುಖ ಒಂದು ಕ್ಷಣ ಅರಳಿತು. ಮರುಕ್ಷಣ ಬಲಗೈ ಹೆಬ್ಬೆರಳು ತಾನಾಗಿ ಉಳಿದ ಬೆರಳುಗಳ ಮೇಲೆ ಓಡತೊಡಗಿತು. ಪಾಡ್ಯ, ಬಿದಿಗೆ, ತದಿಗೆ, ಚೌತಿ, ಪಂಚಮಿ. ಕಿರುಬೆರಳು ದಾಟಿ ಮತ್ತೆ ಮೊದಲ ಬೆರಳಿಗೆ ಬಂದು ಹೆಬ್ಬೆರಳು ನಿಂತುಬಿಟ್ಟಿತು. ಸೂರ್ಯ ಮುಳುಗಿಯಾಗಿತ್ತು. ಐದೂ ಕಳೆದಿದ್ದವು.

ಅವರು ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಕೇಳದಿರಲಿ ಎಂದು ಬೇಡಿಕೊಂಡೆ.

"ಈ ಐದರಾಗ ಇದ್ದಿದ್ರ?"

ಹುಣ್ಣಿಮೆಯ ಸಂಜೆಯೇ ನಿಜ ಹೇಳಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಅಜ್ಜನನ್ನೂ ಮೊಮ್ಮಗನನ್ನೂ ಒಂದು ಮಾಡಿದ್ದು ತಿಳಿಯದೆ ಮಾಡಿದ ತಪ್ಪು ಎನ್ನಬಹುದೇನೋ. ಈ ಐದು ದಿನ ಹಾಗಲ್ಲ. ಎರಡನ್ನು ಕಾಯಿಸಿದೆ, ಮೂರನ್ನು ತಿಳಿದೇ ಕಳೆದೆ.

"ಇರಬಹುದು" ಎಂದೆ.

ಅವರು ಬೈಯಲಿಲ್ಲ, ಅಳಲೂ ಇಲ್ಲ. "ಆ ಐದೂ ದಿನ ನಾ ಇಲ್ಲೇ ಇದ್ನಿ. ಖಾಲಿ ಕುಂತಿದ್ನಿ" ಎಂದಷ್ಟೇ ಹೇಳಿ, ಎದ್ದು, ಮರುದಿನದ ಷಷ್ಠಿಗೆ ಎಳ್ಳು ದರ್ಭೆ ಎಲ್ಲಿ ಸಿಗುತ್ತದೆಂದು ಸೊಸೆಯನ್ನು ಕೇಳುತ್ತ ಓಣಿಯೊಳಗೆ ಹೋದರು.